ಜ್ವರ ಬಂದ ಕಾರು

ನಮ್ಮ ಹೊನ್ನಾವರ ಸೀಮೆಯಲ್ಲಿ ಅಪರಿಚಿತರಿಬ್ಬರು ಕಲೆತಾಗ ಮೊದಲು ಊರನ್ನೂ ಅನಂತರ ಮನೆತನವನ್ನೂ ವಿಚಾರಿಸಿಕೊಂಡು, ಎಲೆಯಡಿಕೆಯ ತಟ್ಟೆ ಒಂದು ಸುತ್ತು ತಿರುಗಿ ಮಾತಿಗೆ ಸಲಿಗೆ ಬಂದಿತೆಂದರೆ, "ನಿಮ್ಮ ಒಲವು ಯಾವ ಮೇಳದ ಕಡೆ?" ಎಂದು ಕೇಳುವುದು ಬಹುಕಾಲದ ರೂಢಿಯಾಗಿತ್ತು. ಕೇಳುವವನಾಗಲಿ ಉತ್ತರ ಹೇಳುವವನಾಗಲಿ ಜನ್ಮದಲ್ಲಿ ಕಾಲಿಗೆ ಗೆಜ್ಜೆ ಕಟ್ಟಿದವನಲ್ಲ. ಆದರೂ ಒಬ್ಬನು 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಗಾಂಭೀರ್ಯವನ್ನು ತನ್ನ ಕುಲದ ಗಾಂಭೀರ್ಯವೆಂಬಂತೆ ಎತ್ತಿಹಿಡಿಯುವನು. ಇನ್ನೊಬ್ಬನು ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ರಂಗಕ್ಕೆ ಬಂದು ಒಂದು ಸುತ್ತು ತಿರುಗಿದರೆ ಸಾಕು, ಇರುಳಿಡೀ ನಿದ್ದೆಗೆಟ್ಟುದು ಸಾರ್ಥಕವಾಯಿತೆನ್ನುವನು. ಈ ವಾದವು ಬೆಳೆದು ಬೆಳಗಿನ ಜಾವದಲ್ಲಿ ಗದ್ದೆಯಂಚು ಹಿಡಿದು ಮನೆಗೆ ಮರಳುವ ನೆಂಟರಿಬ್ಬರು ಹಾದಿ ಬೇರೆ ಮಾಡಿಕೊಂಡದ್ದೂ ಉಂಟು. ಈ ಪ್ರಶ್ನೆಗೆ ತಮ್ಮನೆಂಬಂತೆ, ನಾನು ಬಾಲಕನಾಗಿದ್ದ 1960ರ ದಶಕದಲ್ಲಿ ಇನ್ನೊಂದು ಪ್ರಶ್ನೆ ಜನಿಸಿತು: "ನಿಮ್ಮದು ಅಂಬಾಸಿಡರೋ, ಫಿಯೆಟ್ಟೋ?" ಸ್ವಂತ ಕಾರುಳ್ಳವರೇ ಇದಕ್ಕೆ ಉತ್ತರ ಕೊಡಬೇಕೆಂಬ ನಿಯಮವೇನೂ ಇರಲಿಲ್ಲ. ನಮ್ಮ ಓಣಿಯ ಅತ್ಯುಗ್ರನಾದ ಫಿಯೆಟ್ ಪಕ್ಷಪಾತಿಯು ಬಂದರದಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿದ್ದು, ಆತನ ವಾಹನಸಂಪತ್ತೆಲ್ಲವೂ ಒಂದು ಜೊತೆ ಚಪ್ಪಲಿಯಲ್ಲಿ ಮುಗಿದಿತ್ತು.

ಇಂದು ಕೆಎ-47 ಎಂಬ ಫಲಕವನ್ನು ಹೊತ್ತ ಬಗೆಬಗೆಯ ಕಾರುಗಳು ಶರಾವತಿ ಸರ್ಕಲ್ಲಿನಲ್ಲಿ ಒಂದನ್ನೊಂದು ಗುರುತಿಸದೆಯೇ ಹಾದುಹೋಗುವುದನ್ನು ನೋಡುವ ತರುಣರಿಗೆ, ಅಂದಿನ ಆಯ್ಕೆ ಎಷ್ಟು ಸಂಕುಚಿತವಾಗಿತ್ತೆಂಬುದನ್ನು ಮನಗಾಣಿಸುವುದು ಸುಲಭವಲ್ಲ. ನನ್ನ ಅಜ್ಜನ ಪೀಳಿಗೆಯವರು ಶೆವರ್ಲೆ, ಫೋರ್ಡ್ ಎಂಬ ಹೆಸರುಗಳನ್ನು ಬಲ್ಲವರಾಗಿದ್ದರು; ಏಕೆಂದರೆ ಜನರಲ್ ಮೋಟರ್ಸ್ ಸಂಸ್ಥೆ 1928ರಷ್ಟು ಹಿಂದೆಯೇ ಮುಂಬಯಿಯ ಶಿವಡಿಯಲ್ಲಿ ಬಿಡಿಭಾಗಗಳನ್ನು ತರಿಸಿ ಜೋಡಿಸುವ ಕಾರ್ಖಾನೆಯನ್ನು ತೆರೆದಿತ್ತು. ಸ್ವಾತಂತ್ರ್ಯಾನಂತರ, ಬರಿಯ ಜೋಡಣೆ ಸಾಲದು, ದೇಶದೊಳಗೇ ನಿರ್ಮಾಣವಾಗಬೇಕೆಂಬ ನೀತಿಯನ್ನು ಸರಕಾರವು 1953ರಲ್ಲಿ ಗಟ್ಟಿಮಾಡಿದಾಗ ಆ ವಿದೇಶೀಯರು ಗಂಟುಮೂಟೆ ಕಟ್ಟಿದರು. ಆಮೇಲೆ ಕಾರಿನ ರಂಗಸ್ಥಳದಲ್ಲಿ ಉಳಿದ ಮುಖ್ಯ ವೇಷಗಳು ಮೂರೇ: ಹೂಗ್ಲಿ ನದಿಯ ತೀರದ ಉತ್ತರಪಾರಾದಲ್ಲಿ ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟರ್ಸ್, ಮುಂಬಯಿಯ ಕುರ್ಲಾದಲ್ಲಿ ವಾಲ್‌ಚಂದ್ ಹಿರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಈ ಮೂರನೆಯದರ ಹೆರಾಲ್ಡ್ ಎಂಬ ಚೆಲುವಾದ ಕಾರು ನಮ್ಮ ಕಡೆ ಎಲ್ಲೋ ಒಂದೊಂದು ಕಾಣುತ್ತಿದ್ದುದರಿಂದ ಅದಕ್ಕೆ ಪಂಗಡ ಕಟ್ಟುವಷ್ಟು ಜನರು ದೊರೆಯಲಿಲ್ಲ. ಉಳಿದವೆರಡರಲ್ಲಿ ಅಂಬಾಸಿಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಅವತಾರ; ಫಿಯೆಟ್ ಇಟಲಿಯ ಟ್ಯೂರಿನ್ ನಗರದ ಕೂಸು. ಎರಡೂ ಪರದೇಶದ ದತ್ತುಮಕ್ಕಳಾಗಿದ್ದರೂ ನಮ್ಮವರು ಅವುಗಳನ್ನು ಹೆತ್ತ ಮಕ್ಕಳಿಗಿಂತ ಹೆಚ್ಚು ಹಚ್ಚಿಕೊಂಡರು.

ಹಚ್ಚಿಕೊಳ್ಳುವುದಕ್ಕೆ ಕಾಲಾವಕಾಶವೂ ಧಾರಾಳವಾಗಿ ದೊರೆಯುತ್ತಿತ್ತೆನ್ನಬೇಕು. ವರ್ಷಕ್ಕೆ ಇಂತಿಷ್ಟೇ ಕಾರು ತಯಾರಾಗಬೇಕೆಂಬ ಪರವಾನಿಗೆಯ ಕಟ್ಟುಪಾಡಿನ ಆ ಯುಗದಲ್ಲಿ ಹಣ ಕಟ್ಟಿ ಹೆಸರು ಬರೆಯಿಸಿದವನು ವರ್ಷಾನುಗಟ್ಟಲೆ ಕಾಯಬೇಕಾಗಿತ್ತು. ನಿಶ್ಚಿತಾರ್ಥವಾಗಿ ಲಗ್ನದ ದಿನವೇ ಗೊತ್ತಾಗದ ವರನಂತೆ ಕಾದು ಕುಳಿತವನು, ತಾನು ಕಾಯುತ್ತಿರುವ ವಧುವನ್ನು ಯಾರಾದರೂ ಹೀಗಳೆದರೆ ಸಹಿಸಬಲ್ಲನೆ? ಕಾರು ಅಂಗಳಕ್ಕೆ ಬರುವುದಕ್ಕೆ ಮೊದಲೇ ಅದರ ಪರವಾಗಿ ಮಾಡಬೇಕಾದ ವಾದಗಳೆಲ್ಲ ಅವನ ನಾಲಗೆಯ ಮೇಲೆ ಸಿದ್ಧವಾಗಿರುತ್ತಿದ್ದವು.

ಇವೆರಡು ಪಂಗಡಗಳು ನಮ್ಮೂರಿನಲ್ಲಿ ಹುಟ್ಟಿದುದಕ್ಕೆ ಭೂಗೋಳವೂ ಇತಿಹಾಸವೂ ಅಷ್ಟಿಷ್ಟು ಕಾರಣವೆಂದು ನನ್ನ ಊಹೆ. 1956ರ ನವೆಂಬರ್ ಒಂದರವರೆಗೆ ಉತ್ತರ ಕನ್ನಡವು ಮುಂಬಯಿ ರಾಜ್ಯಕ್ಕೆ ಸೇರಿದ್ದಿತು. ಓದಿದ ಹುಡುಗರು ಕೆಲಸವನ್ನರಸಿ ಮುಂಬಯಿಗೆ ಹೋಗುವುದು, ವರ್ಷಕ್ಕೊಮ್ಮೆ ಮಾವು ಹಲಸಿನ ಕಾಲಕ್ಕೆ ಊರಿಗೆ ಬರುವುದು, ಬರುವಾಗ ಆ ಮಹಾನಗರದ ವೇಷಭಾಷೆಗಳೊಡನೆ ಅಲ್ಲಿಯ ಅಭಿರುಚಿಯನ್ನೂ ಹೊತ್ತು ತರುವುದು ಸಾಮಾನ್ಯವಾಗಿತ್ತು. ಮುಂಬಯಿಯ ಕಾರೆಂದರೆ ಫಿಯೆಟ್. ಇತ್ತ ಘಟ್ಟದ ಮೇಲಿನ ಸಾಗರ, ಶಿವಮೊಗ್ಗೆಗಳೊಡನೆ ಅಡಿಕೆ ಮೆಣಸುಗಳ ವ್ಯವಹಾರವುಳ್ಳವರಿಗೂ, ಬಾಡಿಗೆಯ ಗಾಡಿ ಓಡಿಸುವವರಿಗೂ ಬೇಕಾಗಿದ್ದುದು ಎಂಟು ಜನರನ್ನೂ ನಾಲ್ಕು ಮೂಟೆಗಳನ್ನೂ ಒಂದೇ ಸಲಕ್ಕೆ ನುಂಗುವ ಅಂಬಾಸಿಡರ್. ನಮ್ಮ ಮನೆಯಲ್ಲಿ ಇವೆರಡು ಪ್ರವಾಹಗಳೂ ಸಂಗಮವಾದವು. ತಂದೆಯವರು ಅಡಿಕೆಯ ವ್ಯಾಪಾರಿ; ಸೋದರಮಾವನು ಮುಂಬಯಿಯ ಮಾಟುಂಗದಲ್ಲಿ ಮನೆ ಮಾಡಿಕೊಂಡಿದ್ದ ಕಂಪೆನಿಯ ನೌಕರ.

ತಂದೆಯವರ ಅಂಬಾಸಿಡರ್ ನಮ್ಮ ಅಂಗಳಕ್ಕೆ ಬಂದದ್ದು 1966ರಲ್ಲಿ. ಹೊಸದಲ್ಲ, ಶಿವಮೊಗ್ಗೆಯ ವರ್ತಕರೊಬ್ಬರು ಮೂರು ವರ್ಷ ಓಡಿಸಿ ಬಿಟ್ಟ ಮಾರ್ಕ್ ಎರಡು, ಮುಂಭಾಗದಲ್ಲಿ ಚದುರಂಗದ ಮನೆಗಳಂಥ ಜಾಲರಿಯುಳ್ಳದ್ದು. ಬಂದ ಮರುದಿನವೇ ಅದು ಇಡಗುಂಜಿಗೆ ಹೋಯಿತು. ನಮ್ಮ ಕರಾವಳಿಯಲ್ಲಿ ವಾಹನವು ಸರಕಾರದ ದಾಖಲೆಯಲ್ಲಿ ಎಂದು ಹುಟ್ಟಿದ್ದರೂ ಇಡಗುಂಜಿಯ ಮಹಾಗಣಪತಿಯ ಎದುರಿಗೆ ನಿಂತು ಗರಿಕೆಯ ಮಾಲೆ ಹಾಕಿಸಿಕೊಂಡ ಮೇಲೆಯೇ ಅದರ ನಿಜವಾದ ಜನ್ಮ. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣುಗಳನ್ನಿರಿಸಿ, ತಂದೆಯವರು ಗಾಡಿಯನ್ನು ಮುಂದಕ್ಕೆ ಸರಿಸಿದಾಗ ಅವು ಒಂದೊಂದಾಗಿ ಪಿಚ್ಚೆಂದು ಒಡೆದ ಸದ್ದು, ಪಂಚಕಜ್ಜಾಯದ ಬೆಲ್ಲದ ವಾಸನೆ, ಬಿಸಿಲಿಗೆ ಕಾದ ಸೀಟಿನ ರೆಕ್ಸಿನ್ನಿನ ವಾಸನೆ, ಇವು ಮೂರೂ ನನ್ನ ನೆನಪಿನಲ್ಲಿ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿವೆ. ಮರಳಿ ಬರುವಾಗ ಕಾರಿನಲ್ಲಿ ಹನ್ನೊಂದು ಜನರಿದ್ದೆವು. ಮುಂದಿನ ಸೀಟು ಅಖಂಡವಾದ ಮಂಚದಂತಿದ್ದು, ಗೇರಿನ ಕೋಲು ಸ್ಟಿಯರಿಂಗಿನ ಕುತ್ತಿಗೆಯಲ್ಲೇ ಇರುತ್ತಿದ್ದುದರಿಂದ, ಮಕ್ಕಳಿಗೆ ಅಲ್ಲಿ ಸ್ಥಳವಿಲ್ಲವೆಂಬ ಮಾತೇ ಇರಲಿಲ್ಲ.

ಮಾವನ ಫಿಯೆಟ್ ಪ್ರತಿವರ್ಷ ಮೇ ತಿಂಗಳ ಮೊದಲ ವಾರದಲ್ಲಿ ಪುಣೆ, ಬೆಳಗಾವಿ, ಹುಬ್ಬಳ್ಳಿ, ಶಿರಸಿಗಳನ್ನು ಕ್ರಮಿಸಿ, ದೇವಿಮನೆ ಘಟ್ಟವನ್ನಿಳಿದು, ಕುಮಟೆಯ ಮಾರ್ಗವಾಗಿ ಹೊನ್ನಾವರವನ್ನು ಪ್ರವೇಶಿಸುತ್ತಿತ್ತು. ಮೊದಲು ಆತನಲ್ಲಿದ್ದುದು ದುಂಡುದುಂಡಾದ ಮೈಯ 1100. ಅದಕ್ಕೆ ಮುಂಬಯಿಯ ಜನರಿಟ್ಟ ಅಡ್ಡಹೆಸರು 'ದುಕ್ಕರ್ ಫಿಯೆಟ್'. ದುಕ್ಕರವೆಂದರೆ ಮರಾಠಿಯಲ್ಲಿ ಹಂದಿಯೆಂದೂ, ಕೊಂಕಣಿಯಲ್ಲಿಯೂ ಹೆಚ್ಚುಕಡಿಮೆ ಅದೇ ಮಾತೆಂದೂ ಬೇರೆ ಹೇಳಬೇಕಿಲ್ಲ. ನಮ್ಮ ಬಂದರ ರಸ್ತೆಯ ಕೊಂಕಣಿ ಮಕ್ಕಳಿಗೆ ಆ ಹೆಸರು ಕಿವಿಗೆ ಬಿದ್ದ ದಿನ ಮಾವನು ಪೇಟೆಗೆ ಕಾರು ಒಯ್ಯುವುದು ಕಷ್ಟವಾಯಿತು. ಅನಂತರ ಆತನು ಚೌಕಾಕಾರದ ಡಿಲೈಟನ್ನೂ, ಕೊನೆಗೆ ಪದ್ಮಿನಿಯನ್ನೂ ಕೊಂಡನು. ಇಲ್ಲೊಂದು ಸ್ವಾರಸ್ಯವುಂಟು. 1970ರ ದಶಕದಲ್ಲಿ ಇಟಲಿಯ ಹೆಸರನ್ನು ಕೈಬಿಟ್ಟು, ಕುರ್ಲಾದ ಕಂಪೆನಿಯು ಚಿತ್ತೂರಿನ ರಾಣಿಯ ಹೆಸರನ್ನು ಕಾರಿಗೆ ಕೊಟ್ಟಿತು. ಕಾರಿನ ಮೈಮೇಲೆ ಎಲ್ಲಿ ಹುಡುಕಿದರೂ ಫಿಯೆಟ್ ಎಂಬ ಅಕ್ಷರವಿರಲಿಲ್ಲ. ಆದರೂ ಮಾವನೂ, ಬಂದರದ ಗುಮಾಸ್ತನೂ, ಊರಿಗೆ ಊರೇ ಅದನ್ನು ಫಿಯೆಟ್ ಎಂದೇ ಕರೆದರು, ಇಂದಿಗೂ ಹಾಗೆಯೇ ಕರೆಯುತ್ತಾರೆ. ಮದುವೆಯ ಮನೆಯಲ್ಲಿ ಹೆಸರು ಬದಲಿಸಿದ ಸೊಸೆಯನ್ನು ತವರಿನವರು ಹಳೆಯ ಹೆಸರಿನಿಂದಲೇ ಕೂಗುವ ಹಾಗೆ.

ಮಧ್ಯಾಹ್ನದ ಊಟವಾಗಿ ಮುರುಗಲ ಪಾನಕದ ಲೋಟಗಳು ಜಗಲಿಗೆ ಬಂದವೆಂದರೆ ಭಾವ ಮೈದುನರ ವಾದ ಆರಂಭವಾಗುವುದು. ತಂದೆಯವರ ಪಕ್ಷ: ಕಾರೆಂಬುದು ಚಲಿಸುವ ಮನೆ, ಅದರೊಳಗೆ ಬಾಣಂತಿಯೂ ಮಲಗಬೇಕು, ಅಡಿಕೆ ಮೂಟೆಯೂ ಕೂರಬೇಕು, ಮಳೆಗಾಲದ ಹೊಂಡಕ್ಕೆ ಇಳಿದರೆ ಹೊಂಡವೇ ಹೆದರಬೇಕು. ಮಾವನ ಪಕ್ಷ: ಕಾರೆಂಬುದು ಕುದುರೆ, ಹೇಳಿದ ಮಾತು ಕೇಳಬೇಕು, ಬೆರಳಿನಲ್ಲಿ ತಿರುಗಬೇಕು, 1089 ಸಿಸಿಯ ಪುಟ್ಟ ಎಂಜಿನ್ನು 1489 ಸಿಸಿಯ ದೊಡ್ಡಪ್ಪನಿಗಿಂತ ಕಡಿಮೆ ಪೆಟ್ರೋಲು ಕುಡಿದು ಮುಂಚಿತವಾಗಿ ಊರು ಮುಟ್ಟಿಸಬೇಕು. ಇಬ್ಬರ ಮಾತೂ ನಿಜವೇ. ಆದರೆ ಹದಿನೈದು ವರ್ಷ ಕೇಳಿದರೂ ಒಬ್ಬರ ವಾದದಿಂದ ಇನ್ನೊಬ್ಬರು ಒಂದಂಗುಲವೂ ಕದಲಿದುದನ್ನು ನಾನು ಕಾಣೆ. ಕಾರಣಗಳನ್ನು ತೂಗಿ ಪಕ್ಷವನ್ನು ಆರಿಸಿಕೊಂಡಿದ್ದರೆ ತಾನೆ ಪ್ರತಿಕಾರಣದಿಂದ ಅದನ್ನು ಬಿಡುವುದು? ನಿಷ್ಠೆಯು ಮೊದಲು ಬಂದು ಪಡಸಾಲೆಯಲ್ಲಿ ಕುಳಿತಿರುತ್ತದೆ. ಕಾರಣಗಳು ಆಮೇಲೆ ಒಂದೊಂದಾಗಿ, ಕರೆದ ನೆಂಟರಂತೆ, ಬಂದು ಸೇರುತ್ತವೆ.

ಹಾಗಾದರೆ ನಿಷ್ಠೆ ಬರುವುದೆಲ್ಲಿಂದ ಎಂಬುದಕ್ಕೆ ನನಗೆ ತೋರಿದ ಉತ್ತರವು ಗೇರುಸೊಪ್ಪೆಯ ಘಟ್ಟದಲ್ಲಿ ದೊರೆಯಿತು.

ಸಾಗರದಲ್ಲಿ ಬಂಧುಗಳ ಮನೆಯ ಉಪನಯನ. ನಮ್ಮ ಅಂಬಾಸಿಡರೂ ಮಾವನ ಫಿಯೆಟ್ಟೂ ಹಿಂದುಮುಂದಾಗಿ ಹೊರಟಿದ್ದವು. ದೂರದ ಪಯಣಕ್ಕೆ ತಂದೆಯವರು ಊರಿನ ಗ್ಯಾರೇಜಿನ ಮೇಸ್ತ್ರಿಯನ್ನೂ, ರೋಗಿಯೊಡನೆ ವೈದ್ಯನನ್ನು ಒಯ್ದಂತೆ, ಜೊತೆಗೆ ಕೂರಿಸಿಕೊಳ್ಳುತ್ತಿದ್ದರು. ಕವಲಕ್ಕಿ, ಉಪ್ಪೋಣಿಗಳನ್ನು ದಾಟಿ ಗೇರುಸೊಪ್ಪೆಯನ್ನು ತಲಪುವವರೆಗೆ ಎಡೆಬಿಡದೆ ಶರಾವತಿಯ ಗಾಳಿಯುಂಟು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಹೆಸರಿಟ್ಟ ಚೆನ್ನಭೈರಾದೇವಿಯ ನಾಡು ಅದು. ಅಲ್ಲಿಂದ ಮುಂದೆ ಮಾವಿನಗುಂಡಿಯವರೆಗೆ ಏರು, ತಿರುವು, ಮತ್ತೆ ಏರು. ಗಾಳಿಯಾಡದ ಒತ್ತು ಕಾಡು. ಮೇ ತಿಂಗಳ ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ಎರಡನೆಯ ಗೇರಿನಲ್ಲಿ ನರಳುತ್ತ ಏರುತ್ತಿದ್ದ ಎರಡು ಕಾರುಗಳಲ್ಲೊಂದು ನಾಲ್ಕು ಸಲ ಬಿಕ್ಕಿ, ನಿಂತುಬಿಟ್ಟಿತು.

ನಿಂತದ್ದು ಅಂಬಾಸಿಡರೋ ಫಿಯೆಟ್ಟೋ ಎಂಬುದನ್ನು ನಾನಿಲ್ಲಿ ಹೇಳಲಾರೆ. ಆ ಕಾಲದ ಪೆಟ್ರೋಲು ಕಾರುಗಳಿಗೆಲ್ಲ ಘಟ್ಟದಲ್ಲಿ ಹೀಗಾಗುವುದುಂಟೆಂಬುದು ಒಂದು ಕಾರಣ. ತನ್ನ ಕಾರಿನ ದೋಷವನ್ನು ಪಂಗಡದ ಹೊರಗಿನವರ ಮುಂದೆ ಆಡಬಾರದೆಂಬುದು ಎರಡೂ ಮನೆಗಳಲ್ಲಿ ಪಾಲಿಸುತ್ತ ಬಂದ ವ್ರತವೆಂಬುದು ಇನ್ನೊಂದು. ಓದುಗರು ತಮ್ಮ ತಮ್ಮ ಪಕ್ಷಕ್ಕನುಗುಣವಾಗಿ ಊಹಿಸಿಕೊಳ್ಳಬಹುದು.

ಮೇಸ್ತ್ರಿಯು ಅವಸರವಿಲ್ಲದೆ ಇಳಿದು, ಬೀಡಿಯನ್ನು ಕಿವಿಯ ಮೇಲಿಂದ ತೆಗೆದು, ಪುನಃ ಕಿವಿಯ ಮೇಲೆಯೇ ಇಟ್ಟು, ಬಾನೆಟ್ಟನ್ನೆತ್ತಿದನು. ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು ಅದರಿಂದಲೇ ಚಾಲನೆ ಪಡೆಯುವ ಪೆಟ್ರೋಲ್ ಪಂಪು ಎಂಬ ಮುಷ್ಟಿಗಾತ್ರದ ಅಂಗವೊಂದಿತ್ತು. ಅದನ್ನು ಬೆರಳ ತುದಿಯಿಂದ ಮುಟ್ಟಿ, ಕೂಸಿನ ಹಣೆ ಮುಟ್ಟಿದ ಅಜ್ಜಿಯ ಧಾಟಿಯಲ್ಲಿ, "ಇದ್ಕೆ ಜ್ವರ ಬಂದದೆ, ಒದ್ದೆಬಟ್ಟೆ ಹಾಕೂಕೆ ಬೇಕು" ಎಂದನು. ತತ್ತ್ವವು ಸರಳವಾದುದೆಂದು ಆಮೇಲೆ ತಿಳಿದುಕೊಂಡೆ. ಕಾವು ಮಿತಿಮೀರಿದಾಗ ಪೆಟ್ರೋಲು ಪಂಪಿನೊಳಗೇ ಆವಿಯಾಗುತ್ತದೆ, ದ್ರವವನ್ನು ಎಳೆಯಲು ಹುಟ್ಟಿದ ಪಂಪು ಆವಿಯನ್ನು ಹಿಡಿಯಲಾರದೆ ಬಾಯಿ ಬಾಯಿ ಬಿಡುತ್ತದೆ, ಕಾರ್ಬ್ಯುರೇಟರು ಬರಿದಾಗುತ್ತದೆ. ತಣಿಸಿದರೆ ಆವಿ ಮತ್ತೆ ದ್ರವವಾಗಿ ಕಾರು ಎಚ್ಚರುವುದು. ಆದರೆ ಬಟ್ಟೆಯೆಲ್ಲಿ? ಹೆಂಗಸರೆಲ್ಲ ಉಪನಯನಕ್ಕೆಂದು ರೇಷ್ಮೆಯುಟ್ಟಿದ್ದರು. ಆಗ ನಡೆದದ್ದನ್ನು ನಾನು ಕಣ್ಣಾರೆ ಕಂಡೆ: ನಿಲ್ಲದೆ ಉಳಿದ ಕಾರಿನ ಯಜಮಾನನು, ಅಂದರೆ ಎದುರುಪಕ್ಷದ ಮುಖಂಡನು, ಒಂದು ಮಾತೂ ಆಡದೆ ಹೆಗಲಿನ ಜರಿಯಂಚಿನ ಉತ್ತರೀಯವನ್ನು ತೆಗೆದು, ಹೂಜಿಯ ಕುಡಿಯುವ ನೀರಿನಲ್ಲಿ ಅದ್ದಿ, ಹಿಂಡಿ, ಮಡಿಸಿ, ತಾನೇ ಬಾಗಿ ಆ ಪಂಪಿಗೆ ಸುತ್ತಿದನು. ಬುಸ್ಸೆಂದು ಹಬೆಯೆದ್ದಿತು. ಬಟ್ಟೆ ಬಿಸಿಯಾದಂತೆಲ್ಲ ಬಿಚ್ಚಿ, ಮತ್ತೆ ಅದ್ದಿ, ಮತ್ತೆ ಸುತ್ತಿದನು. ಮರದ ಮೇಲೆ ಸಿಂಗಳೀಕಗಳ ಹಿಂಡೊಂದು ಈ ಶುಶ್ರೂಷೆಯನ್ನು ನಿಶ್ಶಬ್ದವಾಗಿ ನೋಡುತ್ತಿದ್ದಿತು. ಅರ್ಧ ಗಂಟೆಯಾದ ಮೇಲೆ ಕಾರು ಮೊದಲ ಯತ್ನದಲ್ಲೇ ಚಾಲೂ ಆದಾಗ, ಅತ್ಯಂತ ಹರ್ಷದಿಂದ ಚಪ್ಪಾಳೆ ತಟ್ಟಿದವನು ಅದರ ಯಜಮಾನನಲ್ಲ, ಈತನು. ಆ ಉತ್ತರೀಯದ ಗ್ರೀಸಿನ ಕಲೆ ಕೊನೆಯವರೆಗೂ ಹೋಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಂದಿನಿಂದ ಜಗಲಿಯ ವಾದದಲ್ಲಿ ಆ ಕಾರನ್ನು ಹಳಿಯುವಾಗ ಆತನ ದನಿ ಒಂದು ಸ್ಥಾಯಿ ತಗ್ಗಿತು. ಪಕ್ಷಾಂತರವಾಯಿತೆಂದಲ್ಲ, ಆರೈಕೆ ಮಾಡಿದ ಕೈಯಿಂದ ಬೈಯಲು ಬಾಯಿ ಬರಲಿಲ್ಲ, ಅಷ್ಟೆ.

ವಾಹನದ ಮೇಲಿನ ಅಭಿಮಾನವು ಅದರ ಗುಣದಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಅದಕ್ಕೆ ನಾವು ಮಾಡಿದ ಶುಶ್ರೂಷೆಯಿಂದ ಹುಟ್ಟುವುದೆಂದು ನಾನು ನಂಬಿರುವುದು ಅಂದಿನಿಂದ. ನನ್ನದೇ ಉದಾಹರಣೆಯನ್ನು ಕೊಡುವೆನು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನು ಮೀರಿ ಮಳೆ ಸುರಿಯುವ, ಉಳಿದ ತಿಂಗಳಲ್ಲಿ ಕಡಲಿನ ಉಪ್ಪುಗಾಳಿ ಬೀಸುವ ನಮ್ಮೂರಿನಲ್ಲಿ ಕಬ್ಬಿಣಕ್ಕೆ ತುಕ್ಕೇ ಪರಮಶತ್ರು. ಆದುದರಿಂದ ಮೇ ತಿಂಗಳ ಕೊನೆಯಲ್ಲಿ, ಮೊದಲ ಮಳೆ ಬೀಳುವ ಮುನ್ನ, ಗ್ಯಾರೇಜಿನಿಂದ ತಂದ ಹಳೆಯ ಎಂಜಿನ್ ಎಣ್ಣೆಯನ್ನು ಕಾರಿನ ಅಡಿಭಾಗಕ್ಕೆಲ್ಲ ಬಳಿಯುವ ಕೆಲಸವಿತ್ತು. ಮೈ ಸಣ್ಣದಾಗಿದ್ದುದರಿಂದ ಅದು ನನ್ನ ಪಾಲಿಗೆ ಬಂದಿತ್ತು. ಗೋಣಿಚೀಲ ಹಾಸಿಕೊಂಡು ಅಂಗಾತನಾಗಿ ಕಾರಿನಡಿಗೆ ನುಸುಳಿ, ಜಜ್ಜಿದ ತೆಂಗಿನ ನಾರಿನ ಕುಂಚವನ್ನು ಕಪ್ಪೆಣ್ಣೆಯಲ್ಲಿ ಅದ್ದಿ, ಹಿಂದಿನ ಪಟ್ಟಿ ಸ್ಪ್ರಿಂಗಿನ ಎಲೆಗಳ ಸಂದು, ಬಾಗಿಲುಗಳ ಕೆಳ ಅಂಚು, ಚಕ್ರದ ಗೂಡುಗಳು ಎಂದು ಒಂದನ್ನೂ ಬಿಡದೆ ಬಳಿಯುತ್ತಿದ್ದೆ. ಎಣ್ಣೆ ಕಣ್ಣಿಗೆ ತೊಟ್ಟಿಕ್ಕುವುದು, ಮೊಳಕೈ ತರಚುವುದು, ಅಮ್ಮನಿಂದ ಬೈಗುಳ ಬೀಳುವುದು. ಆದರೆ ಊರಿನಲ್ಲಿ ಅಂಬಾಸಿಡರಿನ ಹೊಟ್ಟೆಯನ್ನು ನನ್ನಷ್ಟು ಸಮೀಪದಿಂದ ಕಂಡ ಬಾಲಕನು ಬೇರೊಬ್ಬನಿರಲಿಲ್ಲ. ಆಮೇಲೆ ಯಾವನಾದರೂ ಅದನ್ನು ಎಮ್ಮೆಯೆಂದು ಕರೆದರೆ ನನಗೆ ರೋಷ ಬಾರದಿರುವುದು ಹೇಗೆ?

ಈ ಧರ್ಮಕ್ಕೆ ಪುರೋಹಿತನೆಂದರೆ ಗ್ಯಾರೇಜಿನ ಮೇಸ್ತ್ರಿ. ಒಂದು ಊರಿನ ಒಲವು ಯಾವ ಕಾರಿನ ಕಡೆಗೆ ವಾಲುವುದೆಂಬುದನ್ನು ಉತ್ತರಪಾರಾದವರೂ ಕುರ್ಲಾದವರೂ ಅಲ್ಲ, ಆತನೇ ನಿರ್ಣಯಿಸುತ್ತಿದ್ದನು. ಆತನ ಕೈ ಯಾವುದರ ಮೇಲೆ ಪಳಗಿತ್ತೋ, ಆತನ ಡಾಲ್ಡಾ ಡಬ್ಬಗಳಲ್ಲಿ ಯಾವುದರ ಬಿಡಿಭಾಗಗಳಿದ್ದವೋ, ಅದೇ ಆ ಊರಿನ ಶ್ರೇಷ್ಠ ಕಾರು. ನಮ್ಮ ಮೇಸ್ತ್ರಿಯು ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಓಡುತ್ತಿರುವ ಎಂಜಿನ್ನಿಗೂ ಹಿಡಿಕೆಯನ್ನು ತನ್ನ ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಮೂರನೆಯ ವಾಲ್ವು ಸಡಿಲವಾಗಿದೆಯೆಂದು ಹೇಳಿದರೆ ಅದು ಮೂರನೆಯದೇ ಆಗಿರುತ್ತಿತ್ತು. ಎರಡೂ ಪಂಗಡದವರು ಆತನ ಅಭಿಪ್ರಾಯವನ್ನು ತಮ್ಮ ಕಡೆಗೆ ಸೆಳೆಯಲು ಚಹಾ ಕುಡಿಸುವರು. ಆತನು ಇಬ್ಬರ ಚಹಾವನ್ನೂ ಕುಡಿದು, ಅಭಿಪ್ರಾಯವನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡು, ಸಂಜೆ ಸೈಕಲ್ಲು ಹತ್ತಿ ಮನೆಗೆ ಹೋಗುವನು.

ಇದು ನಮ್ಮ ಕರಾವಳಿಯವರ ಹುಚ್ಚು ಮಾತ್ರವೆಂದು ಭಾವಿಸಬೇಡಿರಿ. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ನನ್ನ ತಂಗಿಯ ಮಗನು ಹೇಳುವಂತೆ, ಆ ದೇಶದಲ್ಲಿಯೂ ಹೋಲ್ಡನ್ ಮನೆ, ಫೋರ್ಡ್ ಮನೆ ಎಂದು ಕುಟುಂಬಗಳು ಎರಡು ಪಾಲಾಗಿ, ಬ್ಯಾಥರ್ಸ್ಟಿನ ಕಾರು ಪಂದ್ಯದ ದಿನ ಮಾತು ಬಿಡುವುದಿತ್ತಂತೆ. 2016ರಲ್ಲಿ ಫೋರ್ಡ್, 2017ರಲ್ಲಿ ಹೋಲ್ಡನ್ ಅಲ್ಲಿಯ ತಯಾರಿಕೆಯನ್ನು ನಿಲ್ಲಿಸಿದವು. ಜಗಳವಾಡಿದವರು ಈಗ ಒಟ್ಟಿಗೆ ಕುಳಿತು ನಿಟ್ಟುಸಿರು ಬಿಡುತ್ತಾರೆಂದು ಆತನು ಹೇಳಿದಾಗ ನನಗೆ ನಮ್ಮ ಜಗಲಿ ನೆನಪಾಯಿತು.

ನಮ್ಮಲ್ಲಿ ಆ ಐಕ್ಯವನ್ನುಂಟುಮಾಡಿದ್ದು ಮಾರುತಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಕೈಯನ್ನು ಕೊಟ್ಟ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ತಂದೆಯವರೂ ಮಾವನೂ ಮೊದಲ ಬಾರಿಗೆ ಏಕಾಭಿಪ್ರಾಯಕ್ಕೆ ಬಂದರು: ಬೆಂಕಿಪೆಟ್ಟಿಗೆಗೆ ಚಕ್ರ ಜೋಡಿಸಿದ್ದಾರೆ, ಗೇರುಸೊಪ್ಪೆಯ ಘಟ್ಟ ಬರಲಿ, ಗೊತ್ತಾಗುತ್ತದೆ. ಘಟ್ಟ ಬಂದಿತು, ಮಾರುತಿಯು ಏರಿಯೂ ಬಿಟ್ಟಿತು. ಅಧ್ಯಾಪಕವೃತ್ತಿಯಲ್ಲಿದ್ದ ನಾನು 1989ರಲ್ಲಿ ಒಂದು ಮಾರುತಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ತಂದೆಯವರು ಪ್ರದಕ್ಷಿಣೆ ಬಂದು, ಹಿಂಬಾಗಿಲನ್ನೆತ್ತಿ ನೋಡಿ, "ಮೂಟೆ ಎಲ್ಲಿ ಇಡ್ತೆ?" ಎಂದು ಕೇಳಿ ಒಳಗೆ ಹೋದರು. ಆ ಕಾರನ್ನು ನಾನು ಹನ್ನೆರಡು ವರ್ಷ ಓಡಿಸಿದೆ. ಅದರ ಬಗ್ಗೆ ಹೇಳಿಕೊಳ್ಳುವ ದೂರು ಒಂದೂ ಇಲ್ಲ. ಹೇಳಿಕೊಳ್ಳುವ ಕಥೆಯೂ ಒಂದಿಲ್ಲ. ಅದರಡಿಗೆ ನಾನು ನುಸುಳಬೇಕಾದ ಪ್ರಸಂಗವೇ ಬರಲಿಲ್ಲ. ನನ್ನ ಮಗನಾದರೋ ಅದರ ಹಿಂದಿನ ಸೀಟಿನಲ್ಲಿ ಮಲಗಿ ಬೆಳೆದವನಾದ್ದರಿಂದ, ಹಳೆಯ ಮಾರುತಿ 800 ಎಲ್ಲಿಯಾದರೂ ಕಂಡರೆ ಇಂದಿಗೂ ತಿರುಗಿ ನೋಡುತ್ತಾನೆ. ನಾನು ಅವನನ್ನು ಕಂಡು ನಗುವುದಿಲ್ಲ.

ಭಟ್ಕಳದ ಕಡೆ ಹೋದರೆ ನಿಷ್ಠೆಯ ದಾರಿಯೇ ಬೇರೆ. ಕೊಲ್ಲಿ ರಾಷ್ಟ್ರಗಳಲ್ಲಿ ಎರಡು ಮೂರು ದಶಕ ದುಡಿದು, ಮರುಭೂಮಿಯ ಕಾವಿನಲ್ಲಿ ಟೊಯೊಟಾ ಓಡಿಸಿ ಮರಳಿದ ನವಾಯತ ಮಿತ್ರರು, ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್ ಹೊರಬಂದಾಗ, ಹಳೆಯ ಒಡನಾಡಿಯೊಬ್ಬನು ಊರಿಗೇ ಬಂದನೆಂಬಂತೆ ಅದನ್ನು ಬರಮಾಡಿಕೊಂಡುದನ್ನು ಕಂಡಿದ್ದೇನೆ. ಇವೆಲ್ಲಕ್ಕಿಂತ ಮಿಗಿಲಾದ ಅಭಿಮಾನವೊಂದು ನಮ್ಮ ಹೆದ್ದಾರಿಯ ಮೇಲೆ ದಿನವೂ ಓಡಾಡುತ್ತದೆ. ಆದರೆ ಅದು ಅಭಿಮಾನವೆಂದು ಯಾರಿಗೂ ಅನಿಸುವುದಿಲ್ಲ. ಹೊನ್ನಾವರದಿಂದ ಕುಮಟೆಗೂ ಭಟ್ಕಳಕ್ಕೂ ಜನರನ್ನು ತುಂಬಿಕೊಂಡು ಹೋಗುವ ವ್ಯಾನುಗಳನ್ನು, ಅವು ಯಾವ ಕಂಪೆನಿಯವೇ ಆಗಿರಲಿ, ನಾವು ಕರೆಯುವುದು ಟೆಂಪೊ ಎಂದು. ಬಜಾಜ್ ಟೆಂಪೊ ಎಂಬ ಕಂಪೆನಿಯ ಹೆಸರು ನಮ್ಮಲ್ಲಿ ವಾಹನದ ಜಾತಿಗೇ ಹೆಸರಾಯಿತು. 2005ರಲ್ಲಿ ಆ ಕಂಪೆನಿಯು ತನ್ನನ್ನು ಫೋರ್ಸ್ ಎಂದು ಕರೆದುಕೊಂಡರೂ ಬಾಗಿಲಲ್ಲಿ ಜೋತುಬಿದ್ದು "ಕುಮಟಾ, ಕುಮಟಾ" ಎಂದು ಕೂಗುವ ಹುಡುಗನಿಗೆ ಆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ತಂದೆಯವರ ಅಂಬಾಸಿಡರನ್ನು 1992ರಲ್ಲಿ ಕುಮಟೆಯ ಬಾಡಿಗೆ ಕಾರಿನವರೊಬ್ಬರಿಗೆ ಕೊಟ್ಟೆವು. ಪೆಟ್ರೋಲಿನ ಬೆಲೆಗೆ ಅಂಜಿದ ಬಾಡಿಗೆಯವರು ಆಗ ಹಳೆಯ ಅಂಬಾಸಿಡರಿನ ಎಂಜಿನ್ನನ್ನು ಇಳಿಸಿ, ಮಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ನನ್ನು ಕೂರಿಸುವುದಿತ್ತು. ನಮ್ಮದಕ್ಕೂ ಆ ಹೃದಯಪರಿವರ್ತನೆಯಾಯಿತು. ಎರಡು ವರ್ಷದ ಮೇಲೆ ಒಂದು ಸಂಜೆ ಕುಮಟೆಯ ಪೇಟೆಯಲ್ಲಿ ತಂದೆಯವರೊಡನೆ ನಿಂತಿದ್ದಾಗ ಅದು ಎದುರಿನಿಂದ ಬಂದಿತು. ಬಣ್ಣ ಬದಲಾಗಿತ್ತು, ಆದರೆ ಎಡಗಡೆಯ ಹಿಂಬಾಗಿಲಿನಲ್ಲಿ, ನಮ್ಮ ಹೋರಿ ಹಾಯ್ದು ಮಾಡಿದ ತಗ್ಗು ಹಾಗೆಯೇ ಇತ್ತು. ತಂದೆಯವರು ಬೀದಿಯಲ್ಲೇ ನಿಂತು, ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, "ಮೈ ನಮ್ಮದೇ. ಸ್ವರ ಮಾತ್ರ ಬೇರೆ" ಎಂದರು. ಆ ದಿನ ಮತ್ತೆ ಮಾತಾಡಲಿಲ್ಲ. ಮೈ ಉಳಿದು ಎಂಜಿನ್ನು ಹೋದರೆ ಕಾರು ಅದೇ ಕಾರು ಹೌದೋ ಅಲ್ಲವೋ ಎಂಬ ಪ್ರಶ್ನೆಯನ್ನು ತಾರ್ಕಿಕರು ಬಿಡಿಸಲಿ. ನನಗೆ ಅಂದು ಕಂಡದ್ದು, ಬಾಗಿಲಿನ ಆ ತಗ್ಗು ಇರುವವರೆಗೆ ಅದು ನಮ್ಮದೇ ಎಂಬುದು.

ಪದ್ಮಿನಿಯ ತಯಾರಿಕೆ ಶತಮಾನದ ತಿರುವಿನಲ್ಲಿ ನಿಂತಿತು. 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯು ಇಪ್ಪತ್ತು ವರ್ಷದ ಅವಧಿ ತುಂಬಿ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತವಾಯಿತು. ಉತ್ತರಪಾರಾದಲ್ಲಿ 2014ರ ಮೇ ತಿಂಗಳಲ್ಲಿ ಅಂಬಾಸಿಡರಿನ ಕೆಲಸ ನಿಂತಿತು. 2017ರಲ್ಲಿ ಆ ಹೆಸರನ್ನು ಫ್ರಾನ್ಸಿನ ಪ್ಯೂಜೊ ಕಂಪೆನಿಯು 80 ಕೋಟಿ ರೂಪಾಯಿಗೆ ಕೊಂಡಿತು. ಭಾವ ಮೈದುನರಿಬ್ಬರೂ ಅದಕ್ಕಿಂತ ಬಹಳ ಮೊದಲೇ ತೀರಿಕೊಂಡಿದ್ದುದರಿಂದ ಆ ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬ ವಾದ ನಡೆಯಲಿಲ್ಲ.

ಆದರೂ ರಜೆಯ ದಿನಗಳಲ್ಲಿ, ಯಾರೋ ತರುಣರು ಅಜ್ಜನ ಕೊಟ್ಟಿಗೆಯಿಂದ ಹೊರತೆಗೆದು ಬಣ್ಣ ಬಳಿಯಿಸಿದ ಹಳೆಯ ಅಂಬಾಸಿಡರೋ ಪದ್ಮಿನಿಯೋ ಜೋಗದ ಕಡೆಗೆ ಏರುತ್ತಿರುವುದು ಆಗೀಗ ಕಾಣುತ್ತದೆ. ಇಕ್ಕಟ್ಟಾದ ಘಟ್ಟದ ರಸ್ತೆಯಲ್ಲಿ ಏರುವ ವಾಹನಕ್ಕೆ ಇಳಿಯುವ ವಾಹನವು ದಾರಿ ಬಿಡಬೇಕೆಂಬುದು ಸಂಚಾರದ ನಿಯಮ. ನೀವು ಮಾವಿನಗುಂಡಿಯಿಂದ ಇಳಿಯುವವರಾದರೆ ದಯವಿಟ್ಟು ಹಾರ್ನು ಒತ್ತದೆ ಪಕ್ಕಕ್ಕೆ ನಿಲ್ಲಿರಿ. ಬಾನೆಟ್ಟು ಎತ್ತಿಕೊಂಡು ನಿಂತಿದ್ದರೆ ಒಂದು ಬಾಟಲಿ ನೀರು ಕೊಟ್ಟು ಹೋಗಿರಿ. ಬಟ್ಟೆ ಅವರಲ್ಲಿ ಇದ್ದೇ ಇರುತ್ತದೆ.